ಸಾಕ್ಷವ್ವನ ದಿಬ್ಬಕ್ಕೆ ಆ ಹೆಸರು ಬಂದ ಬಗೆ

ಮೊದಲಿಗೆ ಓದುವವರ ಕ್ಷಮೆ ಕೇಳುತ್ತೇನೆ. ಈ ಕಥೆಯನ್ನು ಚೆನ್ನಾಗಿ ಹೇಳುತ್ತಿದ್ದವರು ನಮ್ಮ ಗ್ಯಾಂಗಿನ ಹಿರಿಯರಾಗಿದ್ದ ಕೊಂಡಪ್ಪನವರು. ಅವರು ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ನಾನು ಗಾಳೆಪ್ಪ, ಕರಡಿಗುಂಟಿ ಸ್ಟೇಷನ್ನಿನ ಎರಡೂ ಕಡೆಯ ಹಳಿಯ ಮೇಲೆ ಮೂವತ್ತೊಂದು ವರ್ಷ ಕೀಮ್ಯಾನ್ ಆಗಿದ್ದವನು. ಕೀಮ್ಯಾನ್ ಎಂದರೆ ದಿನವೂ ಹಳಿಯ ಗುಂಟ ನಡೆದು, ಸಡಿಲವಾದ ಕೀಲಿಗಳನ್ನು ಸುತ್ತಿಗೆಯಿಂದ ಹೊಡೆದು ಬಿಗಿ ಮಾಡುವವನು. ನಡೆದದ್ದು ಬಹಳ, ಬರೆದದ್ದು ಇಲ್ಲವೇ ಇಲ್ಲ. ಆದ್ದರಿಂದ ಎಲ್ಲಿ ಎಷ್ಟು ಹೇಳಬೇಕೆಂಬುದು ನನಗೆ ತಿಳಿಯುವುದಿಲ್ಲ. ಕಡಿಮೆ ಹೇಳಿ ತಪ್ಪು ಮಾಡುವುದಕ್ಕಿಂತ ಹೆಚ್ಚು ಹೇಳಿ ಬೇಸರ ಮಾಡುವುದು ಮೇಲು ಎಂದುಕೊಂಡು ಬರೆಯುತ್ತಿದ್ದೇನೆ.

ಕರಡಿಗುಂಟಿ ಸ್ಟೇಷನ್ನಿನಿಂದ ಪಡುವಣಕ್ಕೆ ಅರ್ಧ ಮೈಲಿ ಹೋದರೆ ಹಳಿಯ ಎಡಕ್ಕೆ ಒಂದು ಉದ್ದನೆಯ ಹೊಂಡವಿದೆ. ಹೊಸಬರು ಅದನ್ನು ಕೆರೆ ಎನ್ನುತ್ತಾರೆ. ಅದು ಕೆರೆಯಲ್ಲ. ಹಳಿ ಹಾಸಲು ಏರಿ ಕಟ್ಟಬೇಕಲ್ಲ, ಆ ಏರಿಗೆ ಮಣ್ಣು ತೆಗೆದ ಕುಣಿ, ಮಳೆಗಾಲದ ನೀರು ನಿಂತು ಹಾಗೆ ಕಾಣುತ್ತದೆ. ಹೊಂಡದ ನಟ್ಟನಡುವೆ ಆಳೆತ್ತರಕ್ಕಿಂತ ತುಸು ಹೆಚ್ಚಾದ ಒಂದು ಮಣ್ಣಿನ ದಿಬ್ಬ ಒಂಟಿಯಾಗಿ ನಿಂತಿದೆ. ಅದರ ತಲೆಯ ಮೇಲೆ ಹುಲ್ಲು, ಹುಲ್ಲಿನ ನಡುವೆ ಅರಿಶಿನ ಮೆತ್ತಿದ ಕಲ್ಲು, ಕಲ್ಲಿನ ಮುಂದೆ ಹಸಿರು ಬಳೆಗಳು. ದಿಬ್ಬದ ಮೈಯಲ್ಲಿ ಒಂದರ ಕೆಳಗೊಂದು ಕಬ್ಬಿಣದ ಗೂಟಗಳು ಕಾಣುತ್ತವೆ. ಹೆಂಗಸರು ಅವಕ್ಕೂ ಕುಂಕುಮ ಹಚ್ಚುವುದರಿಂದ ತುಕ್ಕು ಯಾವುದು, ಕುಂಕುಮ ಯಾವುದು ಎಂದು ಹೇಳಲು ಬರುವುದಿಲ್ಲ. ಇದೇ ಸಾಕ್ಷವ್ವನ ದಿಬ್ಬ.

ದಿಬ್ಬದ ಪಕ್ಕದಲ್ಲಿ ಈಗ ಗೂಡ್ಸ್ ಗಾಡಿಗಳು ನಿಲ್ಲುತ್ತವೆ. ಅವುಗಳ ಹೆಸರಿನ ವಿಷಯವನ್ನೂ ಹೇಳಬೇಕು, ಏಕೆಂದರೆ ಇದು ಹೆಸರಿನ ಕಥೆ. ಒಂದು ಕಂಪನಿಯ ವ್ಯಾಗನ್ನುಗಳ ಮೇಲೆ 'ಅತಿವೇಗ ಫ್ರೈಟ್ ಲೈನ್ಸ್' ಎಂದು ಆಳುದ್ದದ ಅಕ್ಷರಗಳಿವೆ. ಹೋದ ಬೇಸಿಗೆಯಲ್ಲಿ ಅದರ ಗಾಡಿಯೊಂದು ಇಲ್ಲಿ ಎರಡು ದಿನ ನಿಂತೇ ಇತ್ತು. ಅದರ ನೆರಳಿಗೆ ಮಲಗಿದ್ದ ಆಡೊಂದು ಅಲ್ಲೇ ಮರಿ ಹಾಕಿ, ಮರಿ ಎದ್ದು ಓಡಾಡಿದರೂ ಗಾಡಿ ಕದಲಲಿಲ್ಲ. ಕಂಪನಿಯ ತಪ್ಪು ಎಂದು ನಾನು ಹೇಳುತ್ತಿಲ್ಲ. ಪ್ಯಾಸೆಂಜರ್ ಗಾಡಿಗಳಿಗೆಲ್ಲ ದಾರಿ ಬಿಟ್ಟು ಕೊನೆಗೆ ಹೋಗುವುದೇ ಗೂಡ್ಸಿನ ಹಣೆಬರಹ. ಆದರೆ ಗೇಟ್ ಕಾಯುವ ದ್ಯಾಮವ್ವ ಸುಮ್ಮನಿರುವ ಹೆಂಗಸಲ್ಲ. ಮುಂಜಾನೆ ಗಾರ್ಡಿಗೆ ಚಹಾ ಕೊಡುತ್ತಾ, "ಏನ್ರೀ, ಅತಿವೇಗಪ್ಪ ಇನ್ನೂ ಎದ್ದಿಲ್ಲೇನು?" ಎಂದು ಕೇಳಿದಳು. ಗಾರ್ಡು, "ಈ ಹೆಸರು ಇಟ್ಟೋರು ವಿಮಾನದಾಗ ಅಡ್ಡಾಡ್ತಾರ ಅಕ್ಕಾ, ಅವ್ರಿಗೇನು ಗೊತ್ತು" ಎಂದ. ಇನ್ನೊಂದು ಕಂಪನಿಯ ಹೆಸರು 'ಹಸಿರುಪಥ'. ಅದು ಅದಿರು ಹೊತ್ತು ಹೋದ ಮೇಲೆ ನಮ್ಮ ಬೇವಿನ ಮರಗಳು ನಾಲ್ಕು ದಿನ ಕೆಂಪಗಿರುತ್ತವೆ. ನನ್ನ ಕಾಲದಲ್ಲಿ ಗೂಡ್ಸ್ ನಿಲ್ಲುವ ಈ ಸೈಡಿಂಗಿನ ಹೆಸರು ನಾಲ್ಕು ಸಲ ಬದಲಾಯಿತು. ನಾಲ್ಕು ಸಲವೂ ಬೋರ್ಡಿಗೆ ಗುಂಡಿ ತೋಡಿದವನು ನಾನೇ. ಮೊದಲನೆಯ ಸಲ ಓದಿ ನೋಡಿದೆ. ನಾಲ್ಕನೆಯ ಸಲ ಏನು ಬರೆದಿದೆ ಎಂದು ಕತ್ತೆತ್ತಿಯೂ ನೋಡಲಿಲ್ಲ. ಹೆಸರು ಒಪ್ಪುತ್ತದೆಯೋ ಇಲ್ಲವೋ ಎಂದು ಕೇಳುವಷ್ಟು ದಿನ ಅವು ಇಲ್ಲಿ ಉಳಿಯುವುದೂ ಇಲ್ಲ.

ಈಗ ನಾನು ಬರೆಯಲು ಕೂತ ಕಾರಣ. ಅತಿವೇಗ ಕಂಪನಿಯವರು ಹೊಂಡ ಮುಚ್ಚಿ, ಗಾಡಿ ನಿಲ್ಲಲು ಇನ್ನೊಂದು ಹಳಿ ಹಾಕುತ್ತಾರೆ. ಅದರ ಅಳತೆಗೆ ಬಂದ ಎಂಜಿನಿಯರ್ ನಫೀಸಾ ಮೇಡಂ ನನಗೆ ನಕ್ಷೆ ತೋರಿಸಿದರು. ದಿಬ್ಬ ಇರುವ ಕಡೆ 'ಮಣ್ಣಿನ ಗುಡ್ಡೆ, ತೆಗೆಯತಕ್ಕದ್ದು' ಎಂದು ಬರೆದಿತ್ತು. "ಯಜಮಾನ್ರೇ, ಇದಕ್ಕೊಂದು ಹೆಸರಿದ್ರೆ, ಅದು ಹೇಗೆ ಬಂತು ಅಂತ ಬರೆದುಕೊಡಿ. ಹೆಸರಿಲ್ಲದ್ದನ್ನ ತೆಗೆಯೋಕೆ ಯಾರನ್ನೂ ಕೇಳಬೇಕಾಗಿಲ್ಲ. ಹೆಸರಿದ್ರೆ ಮೇಲಿನೋರು ಒಂದು ಸಲ ಯೋಚನೆ ಮಾಡಬೇಕಾಗುತ್ತೆ" ಎಂದರು. ಆಮೇಲೆ ಮೆಲ್ಲಗೆ, "ಬರೀ ಕಥೆ ಸಾಲದು. ಹಳೇ ಕಂಪನಿಯ ಗುರುತು ಏನಾದರೂ ಕಣ್ಣಿಗೆ ಕಾಣಬೇಕು" ಎಂದೂ ಹೇಳಿದರು. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಹಿಂದೆ ಒಮ್ಮೆ, ಈ ಬಯಲಿನಲ್ಲಿ ಹಳಿ ಎಂಬುದೇ ಇಲ್ಲದ ಕಾಲದಲ್ಲಿ, ಒಂದು ಕಂಪನಿ ಬಂತು ಎನ್ನುತ್ತಾರೆ. ಅದರ ಹೆಸರು 'ಪೂರ್ವ ಪಶ್ಚಿಮ ಸಮುದ್ರ ಸರಕು ರೈಲ್ವೆ ಕಂಪನಿ'. ಮೂಡಣ ಸಮುದ್ರದಲ್ಲಿ ಹತ್ತಿ ಹೇರಿಕೊಂಡು ಪಡುವಣ ಸಮುದ್ರದಲ್ಲಿ ಇಳಿಸುವುದು ಅದರ ಆಸೆ. ಕೊನೆಗೆ ಅದು ಹಾಸಿದ್ದು ಮೂವತ್ತನಾಲ್ಕು ಮೈಲಿ. ಅದರ ಒಂದು ತುದಿ ಜಾಲಿಯ ಮೆಳೆಯಲ್ಲಿತ್ತು, ಇನ್ನೊಂದು ತುದಿ ಕರಡಿಗುಂಟಿಯ ಹತ್ತಿ ಹೊಲದಲ್ಲಿತ್ತು. ಎರಡು ಸಮುದ್ರದಲ್ಲಿ ಒಂದರ ಗಾಳಿಯೂ ಅದಕ್ಕೆ ತಾಗಲಿಲ್ಲ. ಆದರೆ ಕೆಲಸ ನಡೆಯುವಾಗ ಅದೆಲ್ಲ ಯಾರಿಗೆ ಗೊತ್ತು? ಏರಿ ಕಟ್ಟಲು ಒಡ್ಡರ ನಲವತ್ತು ಕುಟುಂಬಗಳು ಬಂದು ಹಳ್ಳದ ದಂಡೆಯಲ್ಲಿ ಗುಡಿಸಲು ಹಾಕಿದವು. ಅವರ ಮೇಸ್ತ್ರಿ ತಿಮ್ಮಣ್ಣ, ಅವನ ಹೆಂಡತಿ ಹುಲಿಗೆವ್ವ. ತಿಮ್ಮಣ್ಣ ಗುದ್ದಲಿ ಹಿಡಿದರೆ ಹುಲಿಗೆವ್ವ ಬುಟ್ಟಿ ಹೊರುತ್ತಿದ್ದಳು. ಅವನು ಮಾತು ಕಡಿಮೆಯ ಮನುಷ್ಯ. ಅವನು ನುಂಗಿದ ಮಾತನ್ನೆಲ್ಲ ಅವಳು ಆಡುತ್ತಿದ್ದಳು ಎನ್ನುತ್ತಾರೆ.

ಮಣ್ಣು ಅಗೆಯುವವರ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಇದು ತಿಳಿಯದಿದ್ದರೆ ಮುಂದಿನದು ತಿಳಿಯುವುದಿಲ್ಲ. ನೆಲವನ್ನೆಲ್ಲ ಅಗೆದುಬಿಟ್ಟರೆ ಎಷ್ಟು ಆಳ ಅಗೆದರು ಎಂದು ಅಳೆಯುವುದು ಹೇಗೆ? ಅದಕ್ಕೆ ಕುಣಿಯ ನಡುವೆ ಒಂದು ತುಂಡು ನೆಲವನ್ನು ಮುಟ್ಟದೆ ಹಾಗೇ ಬಿಡುತ್ತಾರೆ. ಅದರ ತಲೆಯ ಮೇಲಿನ ಹುಲ್ಲು ಮೊದಲಿನ ನೆಲದ ಗುರುತು. ಅಲ್ಲಿಂದ ಕೆಳಕ್ಕೆ ಅಳೆದರೆ ಅಗೆದ ಆಳ ಗೊತ್ತಾಗುತ್ತದೆ, ಆಳಕ್ಕೆ ತಕ್ಕಂತೆ ಕೂಲಿ. ಅದನ್ನು ಅವರು 'ಸಾಕ್ಷಿ' ಎನ್ನುತ್ತಾರೆ. ಕೊನೆಯ ಅಳತೆ ಮುಗಿದ ಮೇಲೆ ಸಾಕ್ಷಿಯನ್ನೂ ಕಡಿದು ಆ ಮಣ್ಣನ್ನು ಏರಿಗೆ ಹಾಕಿಬಿಡುವುದು ವಾಡಿಕೆ. ಕಂಪನಿಯ ಓವರ್‌ಸಿಯರ್ ಬಹಳ ಅನುಮಾನದವನು. ಒಡ್ಡರು ಸಾಕ್ಷಿಯ ತಲೆಯ ಮೇಲೆ ಹುಲ್ಲುಹೆಂಟೆ ಇಟ್ಟು ಎತ್ತರ ಮಾಡಿ ಮೋಸ ಮಾಡಬಾರದೆಂದು, ಅವನು ವಾರಕ್ಕೊಮ್ಮೆ ಅಳೆದು, ಅಳತೆ ಮುಟ್ಟಿದಲ್ಲಿ ಒಂದೊಂದು ಕಬ್ಬಿಣದ ಗೂಟ ಹೊಡೆಸಿದ. ಗೂಟದ ತಲೆಯ ಮೇಲೆ ಕಂಪನಿಯ ಹೆಸರಿನ ಮುದ್ರೆ ಇತ್ತು. ಐದು ವಾರಕ್ಕೆ ಐದು ಗೂಟ. ಆ ಓವರ್‌ಸಿಯರನ ಹೆಸರು ಏನೆಂದು ನಾನು ಹಲವರನ್ನು ಕೇಳಿದೆ. ಯಾರಿಗೂ ನೆನಪಿಲ್ಲ.

ಈ ಜಾಗದ ಮಣ್ಣು ಎರೆ. ಮಳೆ ಬಂದರೆ ಉಬ್ಬುತ್ತದೆ, ಬಿಸಿಲಿಗೆ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಜೋಳ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ತಿಮ್ಮಣ್ಣ ಮೊದಲ ವಾರವೇ, "ಇದು ಬ್ಯಾಡ್ರಿ, ಒಂದು ಹರದಾರಿ ಆಚೆ ಗುಡ್ಡದಾಗ ಗರಸು ಐತಿ, ತರತೀವಿ" ಎಂದ. ಗರಸು ಎಂದರೆ ಕಲ್ಲು ಬೆರೆತ ಕೆಂಪು ಮಣ್ಣು, ಏರಿಗೆ ಒಳ್ಳೆಯದು. ಓವರ್‌ಸಿಯರ್, "ಸಮುದ್ರ ಇನ್ನೂ ದೂರ ಐತಿ, ನಿನ್ನ ಗುಡ್ಡಕ್ಕೆ ಕಾಯ್ಕೋಂತ ಕುಂದ್ರಾಕ ಆಗೂದಿಲ್ಲ. ಇಲ್ಲೇ ಅಗಿ" ಎಂದು ಗದರಿಸಿದ. ಐದು ವಾರದಲ್ಲಿ ಏರಿ ಎದ್ದಿತು. ಕೊನೆಯ ಗೂಟ ಹೊಡೆಸಿದ ದಿನ ಅವನು ಸಾಕ್ಷಿಯನ್ನು ಸಂಜೆಯೊಳಗೆ ಕಡಿದು ಹಾಕಲು ಹೇಳಿಹೋದ. ಸಂಜೆ ಬಂದು ನೋಡಿದರೆ ದಿಬ್ಬದ ಮೇಲೊಂದು ಕಲ್ಲು ಕೂತಿದೆ, ಕಲ್ಲಿಗೆ ಅರಿಶಿನ ಹಚ್ಚಿದೆ, ಮುಂದೆ ಹುಲಿಗೆವ್ವ ಕೈಕಟ್ಟಿ ನಿಂತಿದ್ದಾಳೆ. "ಅವ್ವ ಬಂದು ಕುಂತಾಳ್ರೀ. ಕಡಿಯೋರು ನೀವs ಕಡೀರಿ" ಎಂದಳಂತೆ. ನಲವತ್ತು ಮನೆಯವರಲ್ಲಿ ಒಬ್ಬರೂ ಗುದ್ದಲಿ ಎತ್ತಲಿಲ್ಲ. ಓವರ್‌ಸಿಯರ್ ತಾನೇ ಗುದ್ದಲಿ ಹಿಡಿದು, ಕಲ್ಲನ್ನು ಒಮ್ಮೆ ನೋಡಿ, ಕೆಳಗಿಟ್ಟು ಹೋದ.

ಮಳೆಗಾಲ ಬಂತು. ಏರಿ ಉಬ್ಬಿತು, ಬಿರಿಯಿತು, ಒಂದು ಮಧ್ಯಾಹ್ನ ಹತ್ತಿ ಹೇರಿಕೊಂಡು ಬರುತ್ತಿದ್ದ ಗಾಡಿಯ ಸಮೇತ ಕುಸಿಯಿತು. ಬ್ರೇಕ್ ಹಿಡಿಯುತ್ತಿದ್ದ ಒಬ್ಬ ಮನುಷ್ಯ ಸತ್ತ. ಓವರ್‌ಸಿಯರ್, "ನಾನು ಗರಸು ತರಲು ಹೇಳಿದ್ದೆ, ಒಡ್ಡರು ಕದ್ದು ಎರೆಮಣ್ಣು ತುಂಬಿದರು" ಎಂದು ಬರೆದುಕೊಟ್ಟ. ತಿಮ್ಮಣ್ಣನನ್ನು ಪೊಲೀಸರು ಕೈಗೆ ಹಗ್ಗ ಕಟ್ಟಿ ಒಯ್ದರು. ಒಂದು ಜೀವ ಹೋದ ಕೇಸು, ಅವನು ತಿರುಗಿ ಬರುವ ಮಾತೇ ಇಲ್ಲವೆಂದು ಎಲ್ಲರೂ ತಿಳಿದರು. ಮೂರನೆಯ ದಿನ ಕಂಪನಿಯ ದೊಡ್ಡ ಸಾಹೇಬ ಕುಸಿದ ಏರಿ ನೋಡಲು ಟ್ರಾಲಿಯಲ್ಲಿ ಬಂದ. ಹುಲಿಗೆವ್ವ ಹಳಿಯ ಮೇಲೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಳು. ಅವಳ ಮಾತು ಸಾಹೇಬನಿಗೆ, ಸಾಹೇಬನ ಮಾತು ಅವಳಿಗೆ ಸ್ಟೇಷನ್ ಮಾಸ್ತರ ತಿಳಿಸಬೇಕಾಗಿತ್ತು. ಆದ್ದರಿಂದ ಬಹಳ ಮಾತು ನಡೆಯಲಿಲ್ಲ ಎನ್ನುತ್ತಾರೆ.

"ನನ್ನ ಮಾತು ನಂಬಬ್ಯಾಡ್ರಿ. ಕೆಳಗ ಇಳಿದು ಬರ್ರಿ" ಎಂದಳು.

ಸಾಹೇಬ ಬೂಟು ಬಿಚ್ಚಿ ಹೊಂಡಕ್ಕೆ ಇಳಿದ. ನೀರು ಮೊಣಕಾಲಿಗಿತ್ತು. ದಿಬ್ಬದ ಮೈ ಮೇಲಿಂದ ಕೆಳಗಿನವರೆಗೆ ಕಪ್ಪಗೆ ಎರೆಯೇ ಆಗಿತ್ತು, ಒಂದು ಹಿಡಿ ಗರಸಿರಲಿಲ್ಲ. ಅವಳು ಗೂಟಗಳನ್ನು ತೋರಿಸಿದಳು. ನಾಲ್ಕು ಕಣ್ಣಿಗೆ ಕಂಡವು. ಐದನೆಯದನ್ನು ಸಾಹೇಬ ನೀರಿನೊಳಗೆ ಕೈಯಿಟ್ಟು ಮುಟ್ಟಿ ನೋಡಬೇಕಾಯಿತು. ಕದ್ದು ತುಂಬಿದ ಮಣ್ಣಾದರೆ ವಾರವಾರವೂ ಅದನ್ನು ಅಳೆದು ಗೂಟ ಹೊಡೆದವರು ಯಾರು ಎಂದು ಸಾಹೇಬ ಕೇಳಿದ. ದಂಡೆಯ ಮೇಲಿದ್ದ ಓವರ್‌ಸಿಯರ್ ಎರಡು ಹೆಜ್ಜೆ ಹಿಂದೆ ಸರಿದ. ಹುಲಿಗೆವ್ವ, "ಗೂಟದ ಮ್ಯಾಲ ನಿಮ್ಮ ಕಂಪನಿ ಹೆಸರು ಐತ್ರಿ. ನನ್ನ ಗಂಡನ ಹೆಸರು ಇಲ್ಲ" ಎಂದಳು. ಸಾಹೇಬ ಮೇಲಿನ ಕಲ್ಲನ್ನು ನೋಡಿ, ಈ ದೇವರನ್ನು ಯಾರು ಕೂರಿಸಿದರು ಎಂದ. ಸ್ಟೇಷನ್ ಮಾಸ್ತರ ಆ ಮಾತನ್ನು ತಿಳಿಸಲು ಹಿಂದೆಮುಂದೆ ನೋಡಿದನಂತೆ. ಅವಳು, "ನಾನs ಕೂಡ್ರಿಸೀನಿ. ಕಡೀತಾರಲ್ಲ ಅಂತ ಸುಳ್ಳು ಹೇಳೀನಿ. ಅದನ್ನ ಅವ್ವ ನನ್ನ ಕೇಳ್ಲಿ, ನಾ ಹೇಳ್ಕೋತೀನಿ. ನನ್ನ ಗಂಡನ್ನ ನೀವು ಬಿಡ್ರಿ" ಎಂದಳು.

ಎಂಟು ದಿನಕ್ಕೆ ತಿಮ್ಮಣ್ಣ ಬಿಡುಗಡೆಯಾಗಿ ಬಂದ. ಊರಿನವರು ಮರುದಿನವೇ ದಿಬ್ಬಕ್ಕೆ ಎಡೆ ತಂದರು. ಹುಲಿಗೆವ್ವ, "ಅದು ನಾನು ಇಟ್ಟ ಕಲ್ಲs, ಹಳ್ಳದಾಗಿನದು" ಎಂದು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಸಾಕ್ಷಿ ಹೇಳಿದ ಅವ್ವ ಸಾಕ್ಷವ್ವ ಆದಳು. ಕಂಪನಿ ಮೂರು ವರ್ಷದಲ್ಲಿ ಮುಳುಗಿತು, ಹಳಿ ಬೇರೆಯವರ ಕೈಗೆ ಹೋಯಿತು. ಎರಡು ಸಮುದ್ರಗಳ ಹೆಸರು ಹೊತ್ತ ಕಂಪನಿಗೆ ಎರಡೂ ಸಿಗಲಿಲ್ಲ. ಈ ಮಣ್ಣಿನ ಗುಡ್ಡೆಗೆ ಮಾತ್ರ ತಾನು ಮಾಡಿದ ಕೆಲಸವೇ ಹೆಸರಾಯಿತು. ಇಷ್ಟು ಒಪ್ಪುವ ಹೆಸರನ್ನು ನಾನು ಈ ಹಳಿಯ ಮೇಲೆ ಬೇರೆಲ್ಲೂ ಕಂಡಿಲ್ಲ.

ಅಷ್ಟು ಹಳೆಯ ಮಣ್ಣು ಮಳೆಗೆ ಕರಗಲಿಲ್ಲವೇ ಎಂದು ಕೇಳುವವರಿದ್ದಾರೆ. ಕರಗುತ್ತದೆ. ಅದಕ್ಕೇ ಪ್ರತಿ ವರ್ಷ ಮಳೆಗೆ ಮುಂಚೆ ಮನೆಗೊಬ್ಬ ಹೆಂಗಸು ಒಂದು ಬುಟ್ಟಿ ಎರೆಮಣ್ಣು ತಂದು ಮೆತ್ತುತ್ತಾಳೆ, ಗೂಟಗಳನ್ನು ಮಾತ್ರ ಮುಚ್ಚುವುದಿಲ್ಲ. ಹಾಗಾದರೆ ಇದು ಹಳೆಯ ದಿಬ್ಬವೋ ಹೊಸದೋ ಎಂದು ನಫೀಸಾ ಮೇಡಂ ಕೇಳಿದರು. ನಾನು ಗೂಟಗಳ ಕಡೆ ಕೈ ತೋರಿಸಿದೆ. ನೋಡಲು ಬಂದವರು ಈಗ ನಾಲ್ಕು ಗೂಟಗಳನ್ನು ಎಣಿಸಬಹುದು. ಅವುಗಳ ಮೇಲಿನ ಅಕ್ಷರಗಳನ್ನು ತುಕ್ಕು ತಿಂದುಹಾಕಿದೆ. ಐದನೆಯದು ಬುಡದಲ್ಲಿ, ಕೆಸರಿನೊಳಗಿದೆ. ಗಾಳಿ ತಾಗದೆ ಇರುವುದರಿಂದ ಅದರ ಮೇಲಿನ ಅಕ್ಷರಗಳು ಉಳಿದಿವೆ. ಇಪ್ಪತ್ತು ವರ್ಷದ ಹಿಂದೆ ಕೊಂಡಪ್ಪನವರು ನನ್ನ ಕೈ ಹಿಡಿದು ನೀರಿನೊಳಗೆ ಇಳಿಸಿ ಬೆರಳಿನಿಂದ ಓದಿಸಿದ್ದರು. ಮೇಡಂ ಕೇಳಿದ ಗುರುತು ಅದೊಂದೇ, ಅದರ ಜಾಗ ಈಗ ಗೊತ್ತಿರುವುದು ನನಗೊಬ್ಬನಿಗೇ. ನನ್ನ ಮೊಣಕಾಲು ಹೊಂಡಕ್ಕೆ ಇಳಿಯುವಂತಿಲ್ಲ. ಅದಕ್ಕೇ ಬೇರೆಯವರಿಗೂ ಸಿಗುವಂತೆ ಇಲ್ಲಿ ಬಿಡಿಸಿ ಬರೆಯುತ್ತೇನೆ. ಹಳಿಯ ಕಡೆಯಿಂದ ಹೊಂಡಕ್ಕೆ ಇಳಿದು, ನಾಲ್ಕನೆಯ ಗೂಟದ ನೇರಕ್ಕೆ ಕೈ ಕೆಳಗಿಳಿಸಬೇಕು. ಮೊಣಕೈ ಮುಳುಗಿದ ಮೇಲೆ ಒಂದು ಚಪ್ಪಟೆ ಕಲ್ಲು ಸಿಗುತ್ತದೆ. ಅದೇ ಗೂಟವೆಂದು ತಿಳಿಯಬಾರದು. ಅಲ್ಲಿಂದ ಒಂದು ಗೇಣು ಎಡಕ್ಕೆ

ದ್ಯಾಮವ್ವ ಬಾಗಿಲಿಗೆ ಬಂದು ಕೂಗುತ್ತಿದ್ದಾಳೆ. "ಗಾಳೆಪ್ಪಣ್ಣಾ, ಇನ್ನಾ ಬರಿಯಾಕತ್ತೀಯೇನು? ಅಳತಿ ಮಾಡೋರು ಬಂದು ಹೊಂಡದಾಗ ಟೇಪು ಬಿಟ್ಟಾರ. ಹಿಂದs ಜೆಸಿಬಿನೂ ಬಂದು ನಿಂತೈತಿ. ಮೇಡಮ್ಮಾರು ಊರಿನೋರು ಒಬ್ರು ಸಾಕ್ಷಿಗೆ ಬೇಕಂತಾರ. ಏಳೋ ಮಾರಾಯ, ಆ ಕಾಗದದ ಕೈಲೆ ಗೂಟ ತೋರ್ಸಾಕ ಆಕ್ಕೈತೇನು?"

ಹೋಗುತ್ತೇನೆ, ಹೊಂಡಕ್ಕೆ ಇಳಿಸಲು ಅವಳ ಹೆಗಲಿದೆ. ಎಡಕ್ಕೆ ಎಂದೆನಲ್ಲ, ಎಡ ಎಂದರೆ ಹಳಿಗೆ ಬೆನ್ನು ಮಾಡಿ ನಿಂತವರ ಎಡ, ಬಗ್ಗಿದಾಗ ಅದು