ಕ್ಯಾಪ್ಟನ್ ದನಿಯ ಕ್ಯಾಸೆಟ್ಟು

ಹಳೆಯ ಬಾಹ್ಯಾಕಾಶದ ವಿಡಿಯೊ ಗೇಮೊಂದರಲ್ಲಿ ನೌಕೆಯ ಕ್ಯಾಪ್ಟನ್‌ಗೆ ದನಿ ಕೊಟ್ಟವಳು ಕುಸುಮಾಕ್ಷಿ. ಅವಳು ಮೈಕಿನ ಮುಂದೆ ಕೈ ಬೀಸುತ್ತಾ ಮಾತಾಡಿದ ಚಿತ್ರ ಉಳಿದಿದ್ದುದು ಒಂದೇ ವಿಡಿಯೊ ಕ್ಯಾಸೆಟ್ಟಿನಲ್ಲಿ. ಆ ಹೆಮ್ಮೆಗೆ ಕ್ಯಾಸೆಟ್ಟು ಡಬ್ಬಿ ಬಿಟ್ಟು ಹೊರಗೆ ಬರುತ್ತಿರಲಿಲ್ಲ.

ಒಂದು ದಿನ ಹಳೆಯ ವಿಸಿಆರ್ ಅದನ್ನು ಕರೆಯಿತು. "ಬಾರಕ್ಕ, ಒಂದು ಸಲ ಓಡು. ಈ ಹೊಸ ಹಾರ್ಡ್ ಡಿಸ್ಕ್ ಎಲ್ಲವನ್ನೂ ನಕಲು ಮಾಡಿಕೊಳ್ಳುತ್ತದೆ."

"ಓಡಿದರೆ ಸವೆಯುತ್ತೇನೆ. ಹೀಗೇ ಭದ್ರವಾಗಿದ್ದೇನೆ."

"ಏನು ಭದ್ರ? ಅಂಚಿಗೆಲ್ಲ ಬೂಷ್ಟು ಹಿಡಿದಿದೆ. ನನ್ನೊಳಗಿನ ರಬ್ಬರ್ ಬೆಲ್ಟೂ ಇನ್ನೊಂದು ಸಲಕ್ಕೆ ಬಂದರೆ ಹೆಚ್ಚು. ಆಮೇಲೆ ನಿನ್ನನ್ನು ಮಕ್ಕಳೂ ಆಟಕ್ಕೆ ಮುಟ್ಟುವುದಿಲ್ಲ."

"ನಿನ್ನೆ ಮೊನ್ನೆ ಹುಟ್ಟಿದ ಇದಕ್ಕೆ ನನ್ನ ದನಿ ಕೊಡಬೇಕೇ?"

"ನಿನ್ನದು ಯಾವಾಗಾಯಿತು? ಅದು ಕುಸುಮಾಕ್ಷಿಯದು. ಅವಳು ಕ್ಯಾಪ್ಟನ್‌ಗೂ ಕೊಟ್ಟಳು, ನಿನಗೂ ಕೊಟ್ಟಳು. ಮನೆಗೆ ಹೋಗಿ ಮೂಕಿಯಾದಳೇನು?"

ಕ್ಯಾಸೆಟ್ಟು ಬೂಷ್ಟು ಒರೆಸಿಕೊಂಡು ವಿಸಿಆರ್ ಒಳಗೆ ಹೋಯಿತು. ಬೆಲ್ಟು ಕಿರುಗುಟ್ಟಿತು, ಪರದೆಯ ಮೇಲೆ ಗೆರೆಗಳೆದ್ದವು. ಕುಸುಮಾಕ್ಷಿ, "ತಲುಪಿದೆವು, ಬಾಗಿಲು ತೆಗೆಯಿರಿ" ಎಂದು ಕ್ಯಾಪ್ಟನ್ನಿನ ಕೊನೆಯ ಮಾತು ಹೇಳಿ, ತಾನೇ ತಡೆಯಲಾರದೆ ನಕ್ಕುಬಿಟ್ಟಳು. ಆ ನಗುವೂ ಹಾರ್ಡ್ ಡಿಸ್ಕಿಗೆ ಇಳಿಯುತ್ತಲೇ ಬೆಲ್ಟು ಹರಿಯಿತು.

"ಇನ್ನು ನಿನ್ನನ್ನು ಓಡಿಸುವವರಿಲ್ಲ ಅಕ್ಕ, ಡಬ್ಬಿಯಲ್ಲಿ ಹಾಯಾಗಿ ಮಲಗು" ಎಂದಿತು ವಿಸಿಆರ್.

"ಮಲಗುತ್ತೇನೆ, ಇರು" ಎಂದ ಕ್ಯಾಸೆಟ್ಟು ಹಾರ್ಡ್ ಡಿಸ್ಕನ್ನು ಕೂಗಿತು. "ಏ ಹುಡುಗಿ, ಆ ನಗು ಇನ್ನೊಂದು ಸಲ ಹಾಕು. ಇಷ್ಟು ವರ್ಷ ನನ್ನೊಳಗೇ ಇತ್ತು, ನಾನೇ ಕೇಳಿರಲಿಲ್ಲ."