ಲಾಗಿನ್ ಪರದೆಯ ತೀರ್ಪು

ಗ್ರಂಥಾಲಯದ ಕಂಪ್ಯೂಟರಿನ ಲಾಗಿನ್ ಪರದೆಗೆ ತಂತ್ರಜ್ಞ ಹೊಸ ಚಿತ್ರ, ಹೊಸ ಗಡಿಯಾರ ಹಾಕಿದ. ಕನ್ನಡ ಕೀಬೋರ್ಡಿನ ಆಯ್ಕೆಯನ್ನು ಹಾಕಲು ಮಾತ್ರ ಮರೆತುಬಿಟ್ಟ. ಮರುದಿನ ಗ್ರಂಥಪಾಲಕಿ ವಾರಿಜಮ್ಮ ಎಂದಿನಂತೆ ತಮ್ಮ ಕನ್ನಡ ಪಾಸ್‌ವರ್ಡ್ ಒತ್ತಿದರು.

“ತಪ್ಪು,” ಎಂದಿತು ಪರದೆ. ಮೂರು ಸಲ ಒತ್ತಿದರೂ ಅದನ್ನೇ ಹೇಳಿತು.

“ಹನ್ನೊಂದು ವರ್ಷದಿಂದ ಒತ್ತುತ್ತಿದ್ದ ಅಕ್ಷರಗಳನ್ನೇ ಒತ್ತಿದ್ದಾರೆ. ಕನ್ನಡ ಮರೆತಿರುವುದು ನೀನು!” ಎಂದಿತು ಕೀಬೋರ್ಡ್.

“ತಪ್ಪೇನಿದ್ದರೂ ಬಂದವರದು. ನನ್ನದೂ ಇರಬಹುದೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲ,” ಎಂದಿತು ಪರದೆ.

ವಾರಿಜಮ್ಮನಿಗೆ ಈ ಮಾತು ಕೇಳಿಸಲಿಲ್ಲ. “ಅಮ್ಮನಿಗೂ ಮರೆವು ಹೀಗೇ ಶುರುವಾಗಿತ್ತು,” ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ರಾಜೀನಾಮೆಯನ್ನು ಕೈಯಲ್ಲೇ ಬರೆದು, ಕಪಾಟಿನ ಬೀಗದ ಕೈಯನ್ನು ಅದರ ಮೇಲಿಟ್ಟು ಹೊರಟರು.

ಖಾಲಿ ಕುರ್ಚಿಯೆದುರು ಪರದೆ ಸರಿಯಾದ ಸಮಯ ತೋರಿಸುತ್ತಲೇ ಇತ್ತು.