ತುಂಬೆಯ ಹುಳದ ಬೆಡಗು

ಹೊಳೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ದೇವರಿಗೆ ಏರಿಸುವ ಮೊದಲು ಪ್ರತಿ ಹೂವಿನ ಒಳಗೂ ಇಣುಕಿ ನೋಡುವ ಪದ್ಧತಿ. ಒಳಗೆ ಯಾರಾದರೂ ಊಟಕ್ಕೆ ಕೂತಿದ್ದರೆ ಎಬ್ಬಿಸುವಂತಿರಲಿಲ್ಲ. ಅವರ ಊಟ ಮುಗಿಯುವವರೆಗೆ ದೇವರು ಕಾಯಬೇಕು.

ಹಾಗೆ ಕೂತವರು ಎಳ್ಳುಕಾಳಿನಷ್ಟು ಗಾತ್ರದ ಕಪ್ಪು ಜೀರುಂಡೆಗಳು. ಹೂವಿನ ಪರಾಗವೇ ಅವುಗಳ ಅನ್ನ.

ಆಶ್ರಮದ ಗುರು ಮರುಳಯ್ಯಜ್ಜ ಮೂವತ್ತು ವರ್ಷದಿಂದ ಈ ಹುಳಗಳ ವಂಶಾವಳಿ ಬರೆಯುತ್ತಿದ್ದರು. ಪುಸ್ತಕದಲ್ಲಲ್ಲ, ಪಡಸಾಲೆಯ ಗೋಡೆಯ ಮೇಲೆ. ಕೆಮ್ಮಣ್ಣಿನ ಗೆರೆಗಳಲ್ಲಿ ಬಿಡಿಸಿದ ಒಂದು ದೊಡ್ಡ ಮರ.

ಮದುವೆಗೆ ಹೆಣ್ಣು ನೋಡಲು ಹೋದ ಹಿರಿಯರು "ನಿಮ್ಮ ಬೆಡಗು ಯಾವುದು?" ಎಂದು ಮೂಲ ಮನೆತನ ಕೇಳುತ್ತಾರಲ್ಲ, ಅಜ್ಜ ಹುಳಗಳಿಗೂ ಅದನ್ನೇ ಕೇಳುತ್ತಿದ್ದರು. ಮರದ ಒಂದು ಕೊಂಬೆ ಸಾಸಿವೆಯ ಬೆಡಗು. ಇನ್ನೊಂದು ತುಂಬೆಯ ಬೆಡಗು. ಬುಡದಲ್ಲಿ ಒಂದು ಸಾಲು ಬರೆದಿದ್ದರು: "ಹುಟ್ಟಿದ ಗಿಡ ಯಾವುದೋ ಬೆಡಗೂ ಅದೇ."

ನೋಡಿದವರು ನಕ್ಕರೆ ಅಜ್ಜ ಹೇಳುತ್ತಿದ್ದರು, "ಋಷಿಮೂಲ, ನದಿಮೂಲ ಹುಡುಕಬಾರದು ಅಂತಾರ. ಹುಳದ ಮೂಲ ಹುಡುಕಬಾರದು ಅಂತ ಯಾರೂ ಹೇಳಿಲ್ಲ."

ಅವರ ಶಿಷ್ಯೆ ನೀಲವ್ವ, ರೈತರ ಮನೆಯ ಮಗಳು, ಇಪ್ಪತ್ತೈದರ ಹರೆಯ. ನಡೆಯುವುದೆಂದರೇನೆಂದು ಗೊತ್ತಿಲ್ಲ, ಎಲ್ಲಿಗೆ ಹೋದರೂ ಓಟವೇ.

ಒಂದು ದಿನ ಓಡಿ ಬಂದಳು. "ಅಜ್ಜಾರ, ಹೊಸಾ ಬೆಡಗು ಸಿಕ್ತ್ರೀ! ಕುಂಬಳದ ಬೆಡಗು!"

"ಕುಂಬಳ ಹೂವಿನ್ಯಾಗ ಹುಟ್ಟಿತೇನು?"

"ಉಣ್ಣಾಕತ್ತಿತ್ರೀ. ಮುಖದ ತುಂಬ ಹಳದಿ ಪುಡಿ!"

"ನಿನ್ನೆ ನೀ ಹೂಗಾರರ ಮನ್ಯಾಗ ಹೋಳಿಗಿ ಉಂಡಿ. ಮುಖದ ತುಂಬ ತುಪ್ಪ ಇತ್ತು. ಹಂಗಂತ ನೀ ಅವರ ಮನಿ ಮಗಳಾದಿ ಏನು?"

ನೀಲವ್ವ ನಾಲಿಗೆ ಕಚ್ಚಿಕೊಂಡಳು.

"ದೊಡ್ಡದಾದ ಹುಳ ಹತ್ತು ಮನಿ ಉಣ್ಣತೈತಿ" ಎಂದರು ಅಜ್ಜ. "ತಾಯಿ ಯಾವ ಮೊಗ್ಗಿನ್ಯಾಗ ತತ್ತಿ ಇಟ್ಟಾಳ, ಮರಿ ಎಲ್ಲಿ ಬೆಳದೈತಿ, ಅದನ್ನ ನೋಡು. ಅದು ತವರು. ಉಳಿದದ್ದೆಲ್ಲಾ ಬರೇ ಊಟ."

ಅಂದಿನಿಂದ ನೀಲವ್ವ ತುಂಬೆಯ ಗಿಡಗಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಶ್ರಾವಣದ ಜಿಟಿಜಿಟಿ ಮಳೆ, ತಲೆಯ ಮೇಲೊಂದು ಗೋಣಿಚೀಲ. ಶಿವನಿಗೆ ಪ್ರೀತಿಯ ಆ ಬಿಳಿ ಹೂವಿನ ಮೊಗ್ಗಿನೊಳಗೆ ತತ್ತಿ ಕಂಡಳು. ತತ್ತಿ ಒಡೆದು ಮರಿ ಬಂತು. ಮರಿ ಪರಾಗ ತಿಂದು ಬೆಳೆದು, ಉದುರಿ, ಮಣ್ಣಿಗಿಳಿಯಿತು. ಆ ಮಣ್ಣನ್ನು ಕುಂಡಕ್ಕೆ ತುಂಬಿ, ಮೇಲೆ ಬಟ್ಟೆ ಕಟ್ಟಿ ಕಾದಳು.

ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಬಟ್ಟೆಯ ಒಳಗೆ ಹತ್ತು ಕಪ್ಪು ಹುಳ ಓಡಾಡುತ್ತಿದ್ದವು.

ನೀಲವ್ವ ಭೂತಗನ್ನಡಿ ಹಿಡಿದಳು. ಮುಂಗಾಲು ನೋಡಬೇಕೆಂದು ಅಜ್ಜನೇ ಕಲಿಸಿದ್ದರು. ಅದರ ಅಂಚಿಗೆ ಗರಗಸದ ಹಾಗೆ ಹಲ್ಲು. ತುಂಬೆಯ ಬೆಡಗಿಗೆ ನಡುವೆ ಮೂರು ದೊಡ್ಡ ಹಲ್ಲು, ಸಾಸಿವೆಯ ಬೆಡಗಿಗೆ ಎಲ್ಲವೂ ಸಣ್ಣವು, ಸಮನಾದವು.

ಇವು ತುಂಬೆಯಲ್ಲಿ ಹುಟ್ಟಿದವು. ಅವಳ ಕಣ್ಣೆದುರೇ ಹುಟ್ಟಿದವು. ಹಲ್ಲು ಮಾತ್ರ ಸಣ್ಣವು, ಸಮನಾದವು.

ಹತ್ತನ್ನೂ ನೋಡಿದಳು. ಹತ್ತಕ್ಕೂ ಅದೇ ಹಲ್ಲು.

ಇಂಥದ್ದನ್ನು ಅಜ್ಜನೂ ನೋಡಿಲ್ಲ, ಯಾರೂ ನೋಡಿಲ್ಲ, ಮೊದಲು ನೋಡಿದವಳು ತಾನೇ! ಕುಣಿಯಬೇಕು ಎನ್ನಿಸಿತು. ಎದ್ದು ಒಂದು ಸುತ್ತು ಕುಣಿದೇಬಿಟ್ಟಳು.

ಎರಡನೆಯ ಸುತ್ತಿಗೆ ಗೋಡೆ ಎದುರಾಯಿತು.

ಹುಟ್ಟಿದ ಗಿಡ ಯಾವುದೋ ಬೆಡಗೂ ಅದೇ.

ಮಾರನೆಯ ದಿನ ಐದು ಮಠಗಳ ಪಂಡಿತರು ಈ ಮರವನ್ನು ನಕಲು ಮಾಡಿಕೊಳ್ಳಲು ಬರುವವರಿದ್ದರು. ಅಜ್ಜನಿಗೆ ಎಂಬತ್ತು ದಾಟಿತ್ತು. ಎಳ್ಳುಕಾಳಿನಷ್ಟು ಹುಳ ಬಂದು, ಆ ಮೂವತ್ತು ವರ್ಷದ ಬುಡಕ್ಕೇ ಕೊಡಲಿ ಹಾಕಿ ನಿಂತಿತ್ತು.

ನೀಲವ್ವನಿಗೆ ಅಳು ಬಂತು. ಹುಳಗಳನ್ನು ಡಬ್ಬಿಗೆ ಹಾಕಿದಳು. ಡಬ್ಬಿಯ ಮೇಲೆ "ಹುಟ್ಟಿದ್ದು ಸಾಸಿವೆಯಲ್ಲಿ" ಎಂದು ಬರೆದಳು. ಸಾಸಿವೆಯ ಕೊಂಬೆಯ ಕೆಳಗೆ ಇಟ್ಟುಬಿಟ್ಟರೆ ಮರ ಉಳಿಯುತ್ತದೆ, ಅಜ್ಜ ಉಳಿಯುತ್ತಾರೆ.

ಅಜ್ಜ ಹೊಳೆಯಿಂದ ಬಂದರು. ಡಬ್ಬಿ ಎತ್ತಿ ಓದಿದರು.

"ಸಾಸಿವಿಯಾಗ ಹುಟ್ಯಾವೇನು?"

"ಹೌದ್ರೀ ಅಜ್ಜಾರ."

"ಛಲೋ ಆತು." ಅಜ್ಜ ಡಬ್ಬಿಯನ್ನು ಕೆಳಗಿಟ್ಟರು. "ಈ ಶ್ರಾವಣದಾಗ ನಿನಗ ಸಾಸಿವಿ ಹೂ ಎಲ್ಲಿ ಸಿಕ್ತವ್ವಾ?"

ರೈತರ ಮನೆಯ ಮಗಳು ಬೆವರಿದಳು. ಸಾಸಿವೆ ಚಳಿಗಾಲದಲ್ಲಿ ಹೂ ಬಿಡುವ ಬೆಳೆ. ಸುಳ್ಳು ಹೇಳುವ ಗಡಿಬಿಡಿಯಲ್ಲಿ ಯಾವ ಮಾಸ ಎಂಬುದನ್ನೇ ಮರೆತಿದ್ದಳು.

"ತುಂಬೆಯಾಗ ಹುಟ್ಟಿದ್ದು ರೀ" ಎಂದು ಬಿಕ್ಕಿದಳು. "ಹತ್ತೂ ತುಂಬೆಯಾಗನ ಹುಟ್ಯಾವ. ಹಲ್ಲು ನೋಡ್ರಿ. ನಾ ನಿಮ್ಮ ಮರ್ಯಾದಿ ಉಳಸಾಕಂತ..."

ಅಜ್ಜ ಭೂತಗನ್ನಡಿ ತೆಗೆದುಕೊಂಡು ಬೆಳಕಿಗೆ ಹೋದರು. ಒಂದು ಹುಳ ನೋಡಿದರು. ಇನ್ನೊಂದು ನೋಡಿದರು. ಬೆನ್ನು ತಿರುಗಿಸಿ ಕೂತೇ ಇದ್ದರು. ಆ ಬೆನ್ನು ಅಲುಗತೊಡಗಿದಾಗ ಅಜ್ಜ ಅಳುತ್ತಿದ್ದಾರೆಂದು ನೀಲವ್ವನ ಜೀವ ಬಾಯಿಗೆ ಬಂತು.

ಅಜ್ಜ ನಗುತ್ತಿದ್ದರು.

"ಓಡಿ ಹೋಗ್ಯಾಳಲೇ!" ಎಂದು ಕೂಗಿದರು. "ಇವರ ಮುತ್ತಜ್ಜಿ ಮನಿ ಬಿಟ್ಟು ಓಡಿ ಹೋಗ್ಯಾಳ!"

"ಯಾರ್ರೀ?"

"ಸಾಸಿವಿ ಬೆಡಗಿನಾಕಿ! ಯಾವುದೋ ಕಾಲಕ್ಕ ಸಾಸಿವಿ ಸಿಕ್ಕಿಲ್ಲ. ಹೊಟ್ಟ್ಯಾಗ ತತ್ತಿ. ಏನ್ ಮಾಡಬೇಕು ಬಡವಿ? ಎದುರಿಗೆ ತುಂಬೆ ಇತ್ತು, ಅದರ ಮೊಗ್ಗಿನ್ಯಾಗ ಇಟ್ಟಾಳ. ಮರಿ ಬದುಕ್ಯಾವ, ನೀಲವ್ವಾ, ಬದುಕ್ಯಾವ! ಮಕ್ಕಳು, ಮೊಮ್ಮಕ್ಕಳು ತುಂಬೆನ ತವರು ಅಂದ್ಕೊಂಡಾವ. ಗಿಡ ಬದಲಾತು, ಕಾಲಿನ ಹಲ್ಲು ಹಳೇ ಮನಿದು ಹಂಗ ಉಳೀತು!"

ಎಂಬತ್ತು ದಾಟಿದ ಮನುಷ್ಯ ಪಡಸಾಲೆಯ ಉದ್ದಕ್ಕೂ ಓಡಾಡುತ್ತಿದ್ದರು. ನೀಲವ್ವ ಬೀಳುತ್ತಾರೆಂದು ಹಿಂದೆ ಹಿಂದೆ ಓಡಿದಳು.

"ತುಂಬೆಯಾಗ ಸಿಕ್ಕಿತು ಅಂದಮ್ಯಾಲೆ ನಾ ಕಾಲು ನೋಡೂದನ್ನ ಬಿಟ್ಟಿದ್ದೆ. ಗೊತ್ತೈತಿ ಅಂತ ಬಿಟ್ಟಿದ್ದೆ. ಇನ್ನೂ ಎಷ್ಟು ಮುತ್ತಜ್ಜಿಗೋಳು ಓಡಿ ಹೋಗ್ಯಾರೋ, ಯಾವ ಯಾವ ಹೂವಿನ್ಯಾಗ ಕುಂತಾರೋ!"

ತಟ್ಟನೆ ನಿಂತರು. ಡಬ್ಬಿಯ ಕಡೆ ಕೈ ತೋರಿಸಿದರು. ದನಿ ಗಡುಸಾಯಿತು.

"ನನ್ನ ಮರ್ಯಾದಿ ಉಳಸಾಕ ಹೋಗಿ ನನಗ ಈ ಸಂತೋಷ ತಪ್ಪಸ್ತಿದ್ದ್ಯಲ್ಲ ತಂಗಿ. ಸಾಯೂತನಕ ಸುಳ್ಳಿನ ಗ್ವಾಡಿ ನೋಡ್ಕೋಂತ ಕುಂದ್ರಸ್ತಿದ್ದಿ."

ನೀಲವ್ವ ಅವರ ಕಾಲು ಮುಟ್ಟಿದಳು. ಎದ್ದು, ಡಬ್ಬಿಯ ಮೇಲಿನ ಬರಹವನ್ನು ಉಗುಳು ಹಚ್ಚಿ ಒರೆಸಿದಳು. "ಹುಟ್ಟಿದ್ದು ತುಂಬೆಯಲ್ಲಿ" ಎಂದು ಬರೆದಳು.

"ಸುಣ್ಣ ಕಲಸು" ಎಂದರು ಅಜ್ಜ.

ಗಡಿಗೆಯಲ್ಲಿ ಸುಣ್ಣ ಬಂತು, ಕುಂಚ ಬಂತು. ಬುಡದ ಸಾಲಿನ ಮೇಲೆ ಅಜ್ಜ ತಾವೇ ಸುಣ್ಣ ಬಳಿದರು. ಒಂದೇ ಎಳೆತಕ್ಕೆ ಸಾಲು ಅಳಿಸಿಹೋಯಿತು.

ಆಮೇಲೆ ಕೆಮ್ಮಣ್ಣಿನ ಬಟ್ಟಲನ್ನು ಶಿಷ್ಯೆಯ ಕೈಗೆ ಕೊಟ್ಟರು. "ಗೆರಿ ಎಳಿ."

"ನಾನಾ? ಸುಳ್ಳು ಹೇಳಿದಾಕಿ ರೀ ನಾನು."

"ಮಳ್ಯಾಗ ಕುಂತಾಕಿನೂ ನೀನ. ಎಳಿ."

ನೀಲವ್ವ ಉಸಿರು ಬಿಗಿಹಿಡಿದು ಎಳೆದಳು. ಸಾಸಿವೆಯ ಕೊಂಬೆಯಿಂದ ಹೊರಟ ಒಂದು ಹೊಸ ಟೊಂಗೆ ಬಾಗಿ, ದಾಟಿ, ತುಂಬೆಯ ಪಕ್ಕಕ್ಕೆ ಹೋಗಿ ನಿಂತಿತು. ಗೆರೆ ಸ್ವಲ್ಪ ಸೊಟ್ಟಗಾಯಿತು. ಅಜ್ಜ ಚಪ್ಪಾಳೆ ಹೊಡೆದರು.

ಬೆಳಗಾಯಿತು. ದೋಣಿಯಲ್ಲಿ ಪಂಡಿತರು ಬರುವುದು ಕಂಡಿತು. ನೀಲವ್ವ ಗಡಿಬಿಡಿಯಿಂದ ಪಡಸಾಲೆ ಗುಡಿಸಿದಳು, ಚಾಪೆ ಹಾಸಿದಳು. ಬಾಗಿಲಲ್ಲೇ ಉಳಿದಿದ್ದ ಸುಣ್ಣದ ಗಡಿಗೆಯನ್ನು ಒಳಗಿಡಲು ಎತ್ತಿಕೊಂಡಳು.

"ಎಲ್ಲಿಗವ್ವಾ?"

"ಹಿರಿಯರು ಬರಾಕತ್ಯಾರ್ರೀ. ಬರದದ್ದು ಅಳಿಸೀವಿ ಅಂತ ಗೊತ್ತಾದರ ಏನಂದಾರು?"

"ಅಲ್ಲೇ ಇಡು" ಎಂದರು ಅಜ್ಜ. "ಗ್ವಾಡಿಗಿಂತ ಮೊದಲ ಅವರು ಅದನ್ನ ನೋಡಲಿ."